ಸಾಕುವ ಸಣ್ಣ ಮೀನುಗಳಿಗೆ ಬರುವ ಮಾರಕ ವ್ಯಾಧಿಗಳು: ಅವುಗಳ ಗುರುತು ಮತ್ತು ಚಿಕಿತ್ಸೆ

ಚಿತ್ರದುರ್ಗದ ಸೀಮೆಯು ಮಳೆ ಕಡಮೆಯಾದ ಸೀಮೆ. ಸಿರಿಗೆರೆ, ಭರಮಸಾಗರ ಮೊದಲಾದ ಕಡೆಗಳಲ್ಲಿ ನೀರು ಬಂದ ದಿನವೇ ಅದನ್ನು ಸಿಮೆಂಟಿನ ತೊಟ್ಟಿಗಳಲ್ಲಿಯೂ ಡ್ರಮ್ಮುಗಳಲ್ಲಿಯೂ ತುಂಬಿಟ್ಟುಕೊಳ್ಳುವ ವಾಡಿಕೆಯುಂಟು. ಹೀಗೆ ನಿಂತ ತಿಳಿನೀರಿನಲ್ಲಿಯೇ ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಡುವುದು. ಬೇಸಗೆಯಲ್ಲಿ ಆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿವಸಗಳು ಸಾಕು. ಇದನ್ನು ತಡೆಯುವ ಸಲುವಾಗಿ ತೊಟ್ಟಿಗಳಲ್ಲಿ ಗಪ್ಪಿ ಮೀನುಗಳನ್ನು ಬಿಡುವ ಪದ್ಧತಿಯು ರೂಢಿಗೆ ಬಂದಿದೆ. ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಈ ಮೀನು ದಿನಕ್ಕೆ ಹತ್ತಾರು ಸೊಳ್ಳೆಮರಿಗಳನ್ನು ತಿಂದುಬಿಡುತ್ತದೆ. ಇದೇ ಕೆಲಸಕ್ಕಾಗಿ ಗಾಂಬೂಸಿಯಾ ಎಂಬ ಮೀನನ್ನು 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತರಿಸಲಾಗಿತ್ತು. ಈಚೆಗೆ ಮಕ್ಕಳ ಸಂತೋಷಕ್ಕಾಗಿ ಗಾಜಿನ ತೊಟ್ಟಿಗಳಲ್ಲಿ ಗಪ್ಪಿ, ಮೋಲಿ, ಗೋಲ್ಡ್‌ಫಿಶ್, ಫೈಟರ್ ಮೊದಲಾದ ಮೀನುಗಳನ್ನು ಸಾಕುವ ಮನೆಗಳೂ ಶಾಲೆಗಳೂ ಹೆಚ್ಚುತ್ತಿವೆ.

ದನಕ್ಕೆ ರೋಗ ಬಂದರೆ ಅದು ಮೇವು ಬಿಡುತ್ತದೆ, ಮಲಗುತ್ತದೆ, ಕೂಗುತ್ತದೆ. ಮೀನಿಗೆ ಕೂಗಿಲ್ಲ. ನೋಡಬಲ್ಲವನ ಕಣ್ಣಿಗೆ ಮಾತ್ರ ಅದರ ಕಷ್ಟವು ತಿಳಿಯುವುದು. ಒಂದು ಮೀನು ಸತ್ತು ತೇಲಿದಾಗ ಎಚ್ಚತ್ತವನಿಗೆ ಎರಡು ಮೂರು ದಿವಸಗಳಲ್ಲಿ ತೊಟ್ಟಿಯೇ ಬರಿದಾಗಿ ಕಾಣುವುದುಂಟು. ಮೀನು ಹೋದ ಸಿಮೆಂಟಿನ ತೊಟ್ಟಿಯಲ್ಲಿ ಎರಡನೆಯ ವಾರಕ್ಕೆ ಸೊಳ್ಳೆ ಏಳುತ್ತದೆ. ಆದುದರಿಂದ ಈ ಸಣ್ಣ ಪ್ರಾಣಿಯ ವ್ಯಾಧಿಯು ಮನೆಯವರ ಆರೋಗ್ಯಕ್ಕೂ ಸಂಬಂಧಪಟ್ಟದ್ದೆಂದು ತಿಳಿಯತಕ್ಕದ್ದು.

ಆರೋಗ್ಯವುಳ್ಳ ಮೀನಿನ ಲಕ್ಷಣ

ರೋಗವನ್ನು ಗುರುತಿಸಬೇಕಾದರೆ ಮೊದಲು ಆರೋಗ್ಯವನ್ನು ಅರಿತಿರಬೇಕು. ಆರೋಗ್ಯವಾದ ಮೀನು ಈಜುರೆಕ್ಕೆಗಳನ್ನು ಬಿಚ್ಚಿಕೊಂಡಿರುತ್ತದೆ. ಆಹಾರವನ್ನು ಕಂಡೊಡನೆ ಮುಂದೆ ಬರುತ್ತದೆ. ಅದರ ಕಣ್ಣು ತಿಳಿಯಾಗಿಯೂ ಹುರುಪೆಗಳು ಮೈಗೆ ಅಂಟಿಕೊಂಡೂ ಇರುತ್ತವೆ. ಕಿವಿರಿನ ಮುಚ್ಚಳಗಳು ಎರಡು ಕಡೆಯಲ್ಲಿಯೂ ಒಂದೇ ಸಮನಾಗಿ ನಿಧಾನವಾಗಿ ಆಡುತ್ತವೆ. ದಿನವೂ ಬೆಳಿಗ್ಗೆ ಆಹಾರ ಹಾಕುವಾಗ ಎರಡು ನಿಮಿಷ ನಿಂತು ನೋಡಿ, ಮೀನುಗಳನ್ನು ಎಣಿಸುವ ಅಭ್ಯಾಸವಿಟ್ಟುಕೊಂಡರೆ ವ್ಯಾಧಿಯು ಮೊದಲನೆಯ ದಿನವೇ ಸಿಕ್ಕಿಬೀಳುವುದು. ರೆಕ್ಕೆಗಳನ್ನು ಮೈಗೆ ಮುಚ್ಚಿಕೊಂಡಿರುವುದು, ಮೂಲೆಯಲ್ಲಿ ಒಂಟಿಯಾಗಿ ನಿಲ್ಲುವುದು, ಆಹಾರವನ್ನು ಬಾಯಿಗೆ ತೆಗೆದುಕೊಂಡು ಉಗುಳುವುದು, ಕಲ್ಲಿಗೋ ಗಾಜಿಗೋ ಮೈಯುಜ್ಜುವುದು, ಇವು ಮೊದಲ ಚಿಹ್ನೆಗಳು.

ಮೊದಲು ನೀರು, ಆಮೇಲೆ ಮೀನು

ಸಾಕಿದ ಮೀನುಗಳ ಸಾವಿನಲ್ಲಿ ಬಹುಪಾಲಿಗೆ ರೋಗಾಣುಗಳು ಮೂಲಕಾರಣವಲ್ಲ. ನೀರು ಕೆಟ್ಟಿರುವುದೇ ಕಾರಣ. ಕೆಟ್ಟ ನೀರು ಮೊದಲು ಮೀನಿನ ಶಕ್ತಿಯನ್ನು ಕುಂದಿಸುತ್ತದೆ. ರೋಗಾಣುವು ಆ ಬಾಗಿಲಿನಿಂದ ಒಳಕ್ಕೆ ಬರುತ್ತದೆ. ನೀರನ್ನು ಸರಿಪಡಿಸದೆ ಔಷಧಿಯನ್ನು ಸುರಿಯುವುದು ಸೋರುವ ಮಡಕೆಗೆ ನೀರು ತುಂಬಿದಂತೆಯೇ ಸರಿ.

ಇವೆರಡನ್ನೂ ಬೇರ್ಪಡಿಸಿ ತಿಳಿಯಲು ಒಂದು ಸುಲಭವಾದ ಸೂತ್ರವುಂಟು. ಕೆಲವು ಗಂಟೆಗಳೊಳಗಾಗಿ ತೊಟ್ಟಿಯ ಎಲ್ಲ ಜಾತಿಯ ಮೀನುಗಳೂ ಒಟ್ಟಿಗೆ ಸಂಕಟಪಟ್ಟರೆ ದೋಷವು ನೀರಿನದು. ಮೊದಲು ಒಂದು, ಮರುದಿನ ಮೂರು, ಆಮೇಲೆ ಆರು, ಹೀಗೆ ದಿನಕ್ರಮವಾಗಿ ಏರುತ್ತ ಹೋದರೆ ಅಂಟುರೋಗವೆಂದು ತಿಳಿಯಬೇಕು. ಬಹು ದಿವಸಗಳಿಂದ ಒಂದೇ ಒಂದು ಮೀನು ಸೊರಗಿದ್ದು ಮಿಕ್ಕವು ಚೆನ್ನಾಗಿದ್ದರೆ ಅದು ಮುಪ್ಪು, ಗಾಯ ಅಥವಾ ಒಳಗಿನ ವ್ಯಾಧಿಯಿರಬಹುದು.

ನೀರಿನ ದೋಷಗಳಲ್ಲಿ ಮೊದಲನೆಯದು ಪ್ರಾಣವಾಯುವಿನ ಕೊರತೆ. ಒಂದು ಲೀಟರು ನೀರು 20 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರವೇ ಹಿಡಿಯಬಲ್ಲದು. ಆದುದರಿಂದ ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗಿಟ್ಟ ತೊಟ್ಟಿಗಳಲ್ಲಿ, ರಾತ್ರಿ ವಿದ್ಯುತ್ತು ಹೋಗಿ ಗಾಳಿಯಂತ್ರವು ನಿಂತಾಗ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಆಗ ಚೊಂಬಿನಲ್ಲಿ ನೀರನ್ನು ಎತ್ತಿ ಒಂದು ಗೇಣು ಎತ್ತರದಿಂದ ಸಣ್ಣ ಧಾರೆಯಾಗಿ ಮತ್ತೆ ಮತ್ತೆ ಹೊಯ್ಯಬೇಕು.

ಎರಡನೆಯದು ಅಮೋನಿಯ. ಮೀನಿನ ಮಲಮೂತ್ರಗಳಿಂದಲೂ ತಿನ್ನದೆ ಬಿಟ್ಟ ಆಹಾರದಿಂದಲೂ ಇದು ಹುಟ್ಟುತ್ತದೆ. ಹಳೆಯ ತೊಟ್ಟಿಯ ಮರಳಿನಲ್ಲಿಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ವಾಸಿಸುವ ಉಪಕಾರಿ ಸೂಕ್ಷ್ಮಜೀವಿಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ತೊಟ್ಟಿ ಕೊಂಡ ದಿನವೇ ಇಪ್ಪತ್ತು ಮೀನುಗಳನ್ನು ಬಿಟ್ಟವರ ಮೀನುಗಳು ಎರಡನೆಯ ವಾರದಲ್ಲಿ ಸಾಯುವುದು ಇದರಿಂದಲೇ. ಕ್ಷಾರಗುಣವುಳ್ಳ ನೀರಿನಲ್ಲಿ ಅಮೋನಿಯದ ವಿಷವು ಹೆಚ್ಚು, ಪಿ.ಎಚ್. 7ರಿಂದ 8ಕ್ಕೆ ಏರಿದರೆ ವಿಷರೂಪವಾದ ಭಾಗವು ಸುಮಾರು ಹತ್ತು ಪಟ್ಟಿನಷ್ಟಾಗುತ್ತದೆ. ಗಡುಸಾದ ಕೊಳವೆಬಾವಿಯ ನೀರನ್ನೇ ನೆಚ್ಚಿದವರು ಇದನ್ನು ಮರೆಯಕೂಡದು. ಅಮೋನಿಯದ ಪೆಟ್ಟು ತಿಂದ ಮೀನಿನ ಕಿವಿರು ಕೆಂಪೇರಿ ಉರಿದಂತೆ ಕಾಣುವುದು; ನೈಟ್ರೈಟಿನ ಪೆಟ್ಟಾದರೆ ಕಿವಿರು ಕಂದುಬಣ್ಣಕ್ಕೆ ತಿರುಗುವುದು.

ಮೂರನೆಯದು ಹೊರಗಿನಿಂದ ಬಂದ ವಿಷ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿಯ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟ ಹೊರತು ಉಪಯೋಗಿಸಕೂಡದು. ತಾಮ್ರದ ಹಂಡೆ, ಬಿಂದಿಗೆಗಳಲ್ಲಿ ನಿಂತ ನೀರು ಮನುಷ್ಯನಿಗೆ ಹಿತವಾದರೂ ಮೀನಿಗೆ ವಿಷ. ಹೊಸ ಸಿಮೆಂಟಿನ ತೊಟ್ಟಿಯು ಸುಣ್ಣವನ್ನು ಬಿಡುವುದರಿಂದ ಎರಡು ಮೂರು ವಾರ ನೀರು ತುಂಬಿ ಚೆಲ್ಲಿ ಹದಗೊಳಿಸಿದ ಮೇಲೆಯೇ ಮೀನು ಬಿಡತಕ್ಕದ್ದು. ಸೊಳ್ಳೆಬತ್ತಿ, ಸೊಳ್ಳೆಯನ್ನು ಓಡಿಸುವ ದ್ರವ, ಜಿರಲೆಗೆ ಹೊಡೆಯುವ ಔಷಧಿ ಇವುಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಎಂಬ ವಸ್ತುಗಳು ಮೀನಿಗೆ ಅತ್ಯಂತ ಮಾರಕವಾದುವು. ಗಾಳಿಯಂತ್ರವು ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ಊದುವುದರಿಂದ ಹೊಗೆಯೂ ಅದರೊಡನೆ ಸೇರುವುದು. ಹತ್ತಿಗೋ ಈರುಳ್ಳಿಗೋ ಔಷಧಿ ಸಿಂಪಡಿಸಿ ಬಂದ ರೈತನು ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು, ಸಾಬೂನೂ ಹೋಗುವಂತೆ ಮತ್ತೆ ತೊಳೆಯದೆ ತೊಟ್ಟಿಗೆ ಕೈಯಿಡಲೇಕೂಡದು.

ನೀರಿನ ದೋಷವೆಂದು ತೋರಿದೊಡನೆ ಮೂರರಲ್ಲೊಂದು ಪಾಲು ನೀರನ್ನು ತಳದಿಂದ ತೆಗೆದು, ಅಷ್ಟೇ ಬೆಚ್ಚಗಿರುವ ಹದವಾದ ನೀರನ್ನು ನಿಧಾನವಾಗಿ ತುಂಬಬೇಕು. ಒಂದೆರಡು ದಿವಸ ಆಹಾರವನ್ನು ನಿಲ್ಲಿಸಬೇಕು; ಬೆಳೆದ ಮೀನು ಇಷ್ಟರಿಂದ ಸೊರಗುವುದಿಲ್ಲ. ಮರುದಿನವೂ ಹೀಗೆಯೇ ನೀರು ಬದಲಾಯಿಸತಕ್ಕದ್ದು. ವಿಷ ಬಿದ್ದಿರುವುದು ನಿಶ್ಚಯವಾದರೆ ಮೀನುಗಳನ್ನು ಬೇರೆ ನೀರಿಗೆ ಕೂಡಲೇ ವರ್ಗಾಯಿಸಬೇಕು. ಅರ್ಧಕ್ಕಿಂತ ಹೆಚ್ಚು ಸಂಕಟಗಳು ಇಷ್ಟರಿಂದಲೇ ನೀಗುವುದುಂಟು.

ಮಾರಕ ವ್ಯಾಧಿಗಳನ್ನು ಗುರುತಿಸುವ ಕ್ರಮ

ನೀರು ಸರಿಯಾಗಿದ್ದೂ ಮೀನು ನರಳುತ್ತಿದ್ದರೆ ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿಯ ಸಹಾಯದಿಂದ, ಪಕ್ಕದಿಂದಲೂ ಮೇಲಿನಿಂದಲೂ ಅದನ್ನು ಪರೀಕ್ಷಿಸತಕ್ಕದ್ದು.

1. ಬಿಳಿಚುಕ್ಕೆ ರೋಗ. ಮೈಮೇಲೂ ರೆಕ್ಕೆಗಳ ಮೇಲೂ ಉಪ್ಪಿನ ಹರಳನ್ನು ಉದುರಿಸಿದಂತೆ ಬಿಡಿಬಿಡಿಯಾದ ಬಿಳಿಯ ಚುಕ್ಕೆಗಳೇಳುವುವು. ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿಯು ಇದಕ್ಕೆ ಕಾರಣ. ಮಾರ್ಗಶಿರ ಪುಷ್ಯಗಳ ರಾತ್ರಿಯ ಚಳಿಯಲ್ಲಿ ನೀರು ಇದ್ದಕ್ಕಿದ್ದಂತೆ ತಣ್ಣಗಾದಾಗ ಇದು ಹೆಚ್ಚು.

2. ಚಿನ್ನದ ಧೂಳಿನ ರೋಗ. ಕತ್ತಲೆಯಲ್ಲಿ ಟಾರ್ಚನ್ನು ಓರೆಯಾಗಿ ಬಿಟ್ಟರೆ ಮೈಮೇಲೆ ಹಳದಿಯ ಹಿಟ್ಟು ಚೆಲ್ಲಿದಂತೆ ಮಿನುಗುವುದು. ಚುಕ್ಕೆಗಳು ಬಿಳಿಚುಕ್ಕೆಗಿಂತ ಬಹು ಸಣ್ಣವು. ಮೀನು ವೇಗವಾಗಿ ಉಸಿರಾಡುವುದು.

3. ಬಾಯಿಬೂಸು. ತುಟಿಯ ಸುತ್ತ ಬೂದುಬಿಳುಪಿನ ಪದರ, ಬೆನ್ನಿನ ಮೇಲೆ ಕುದುರೆಯ ಜೀನಿನ ಆಕಾರದ ಮಾಸಲು ಮಚ್ಚೆ ಇದರ ಗುರುತು. ಬೂಸಿನಂತೆ ಕಂಡರೂ ಇದು ಶಿಲೀಂಧ್ರವಲ್ಲ, ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯದ ರೋಗ. ಬೇಸಗೆಯಲ್ಲಿ ಒಂದೆರಡು ದಿವಸಗಳಲ್ಲಿಯೇ ಕೊಲ್ಲಬಲ್ಲದು.

4. ನಿಜವಾದ ಬೂಸು. ಗಾಯವಾದ ಕಡೆಯಲ್ಲಿ ಹತ್ತಿಯ ಎಳೆಗಳಂತೆ ಹೊರಕ್ಕೆ ನಿಂತಿರುವುದು. ನಿಧಾನವಾಗಿ ಬೆಳೆಯುವುದು.

5. ರೆಕ್ಕೆ ಕೊಳೆತ. ಬಾಲದ ಅಂಚು ಬೆಳ್ಳಗಾಗಿ, ಹರಿದ ಬಟ್ಟೆಯಂತೆ ಸೀಳಿ, ದಿನದಿನಕ್ಕೂ ಮೊಟಕಾಗುತ್ತ ಬರುವುದು.

6. ಜಲೋದರ. ಹೊಟ್ಟೆಯುಬ್ಬಿ ಹುರುಪೆಗಳು ನಿಮಿರಿನಿಂತು, ಮೇಲಿನಿಂದ ನೋಡಿದರೆ ಮೀನು ಹಲಸಿನ ಕಾಯಿಯಂತೆ ಮುಳ್ಳುಮುಳ್ಳಾಗಿ ಕಾಣುವುದು. ಮರಿಹಾಕಲಿರುವ ಗಪ್ಪಿಯ ಹೊಟ್ಟೆಯೂ ಉಬ್ಬಿರುವುದು. ಆದರೆ ಅದರ ಹುರುಪೆಗಳು ನಿಮಿರಿರುವುದಿಲ್ಲ.

7. ಕಣ್ಣಿಗೆ ಕಾಣುವ ಕ್ರಿಮಿಗಳು. ಮೀನಿನ ಹೇನು ಚಪ್ಪಟೆಯಾಗಿ, ಬಿಲ್ಲೆಯಂತೆ ಮೈಮೇಲೆ ಹರಿದಾಡುವುದು. ಲಂಗರುಹುಳುವು ದಾರದ ತುಂಡಿನಂತೆ ಮಾಂಸದಿಂದ ಹೊರಕ್ಕೆ ಜೋತಿರುವುದು. ಗಪ್ಪಿಯ ಗುದದ್ವಾರದಿಂದ ಕೆಂಪು ಎಳೆಗಳು ಇಣಿಕಿದರೆ ಅವು ಕರುಳಿನ ಜಂತುಗಳು.

8. ಕ್ಷಯ. ತಿನ್ನುತ್ತಿದ್ದರೂ ಬೆನ್ನು ಕತ್ತಿಯಂತಾಗಿ ಹೊಟ್ಟೆಯು ಒಳಕ್ಕೆ ಹೋಗುವುದು, ಬೆನ್ನೆಲುಬು ಬಾಗುವುದು, ವಾಸಿಯಾಗದ ಹುಣ್ಣುಗಳೇಳುವುವು.

ತೊಟ್ಟಿಯ ಅಳತೆ ಮತ್ತು ಉಪ್ಪಿನ ಚಿಕಿತ್ಸೆ

ನೀರೆಷ್ಟೆಂದು ತಿಳಿಯದೆ ಔಷಧಿ ಹಾಕುವುದು ತೂಕವಿಲ್ಲದೆ ಗೊಬ್ಬರ ಚೆಲ್ಲಿದಂತೆ. ತೊಟ್ಟಿಯ ಉದ್ದ, ಅಗಲ, ನೀರಿನ ಎತ್ತರ ಇವನ್ನು ಸೆಂಟಿಮೀಟರುಗಳಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರುಗಳು ಬರುತ್ತವೆ. ಉದ್ದ 60, ಅಗಲ 30, ನೀರಿನ ಎತ್ತರ 25 ಆಗಿದ್ದರೆ 45 ಲೀಟರು. ಮರಳು ಕಲ್ಲುಗಳ ಲೆಕ್ಕಕ್ಕೆ 5 ಲೀಟರು ಕಳೆದರೆ ಉಳಿಯುವುದು 40 ಲೀಟರು.

ಅಡಿಗೆಯ ಉಪ್ಪು ಎಲ್ಲರ ಮನೆಯಲ್ಲಿಯೂ ಸಿಕ್ಕುವ ಔಷಧಿ. ಲೀಟರಿಗೆ 1 ಗ್ರಾಂ ಉಪ್ಪು ನೈಟ್ರೈಟಿನ ಪೆಟ್ಟನ್ನು ತಡೆಯುತ್ತದೆ. ಲೀಟರಿಗೆ 3 ಗ್ರಾಂ ಉಪ್ಪು ಹಲವು ಕ್ರಿಮಿಗಳನ್ನು ಅಡಗಿಸುತ್ತದೆ. ಮೇಲಿನ ತೊಟ್ಟಿಗೆ ಲೀಟರಿಗೆ 3ರಂತೆ 120 ಗ್ರಾಂ ಬೇಕು. ಇದನ್ನು ಒಂದೇ ಸಲಕ್ಕೆ ಹಾಕದೆ, 40 ಗ್ರಾಮಿನ ಮೂರು ಪಾಲು ಮಾಡಿ, ನೀರಿನಲ್ಲಿ ಕರಗಿಸಿ, ಹನ್ನೆರಡು ಗಂಟೆಗಳಿಗೊಮ್ಮೆ ಸೇರಿಸತಕ್ಕದ್ದು. ಆಮೇಲೆ 10 ಲೀಟರು ನೀರನ್ನು ಬದಲಾಯಿಸಿದರೆ ಆ ಹತ್ತು ಲೀಟರಿಗೆ ಮಾತ್ರ 30 ಗ್ರಾಂ ಉಪ್ಪನ್ನು ಕೂಡಿಸಬೇಕು. ಆವಿಯಾಗಿ ಕಡಮೆಯಾದ ನೀರನ್ನು ತುಂಬುವಾಗ ಉಪ್ಪು ಬೇಡ. ಏತಕ್ಕೆಂದರೆ ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲಿಯೇ ಉಳಿದಿರುವುದು. ಗಪ್ಪಿ, ಮೋಲಿಗಳು ಉಪ್ಪನ್ನು ಚೆನ್ನಾಗಿ ತಾಳುತ್ತವೆ. ಹುರುಪೆಯಿಲ್ಲದ ಮೀಸೆಮೀನುಗಳಿಗೆ ಅರ್ಧ ಪ್ರಮಾಣ ಸಾಕು. ನೀರುಗಿಡಗಳು ಉಪ್ಪಿನಿಂದ ಕೆಡುವುದರಿಂದ ಅವನ್ನು ಮೊದಲೇ ತೆಗೆದಿಡಬೇಕು.

ಮನೆಯಲ್ಲಿ ಹತ್ತು ಹದಿನೈದು ಲೀಟರು ಹಿಡಿಯುವ ಒಂದು ಪ್ಲಾಸ್ಟಿಕ್ ಬೋಗುಣಿಯನ್ನು ರೋಗಿ ಮೀನುಗಳಿಗಾಗಿಯೇ ಮೀಸಲಿಡುವುದು ಜಾಣತನ. ಅದಕ್ಕೆ ಬೇರೆ ಬಲೆ, ಬೇರೆ ಕೊಳವೆ ಇರಲಿ. ಕುಡಿಯುವ ನೀರಿನ ತೊಟ್ಟಿಯಲ್ಲಿ ಗಪ್ಪಿಗಳಿದ್ದರೆ ಆ ತೊಟ್ಟಿಗೆ ಯಾವ ಔಷಧಿಯನ್ನೂ ಹಾಕಕೂಡದು. ಮೀನುಗಳನ್ನು ಬೋಗುಣಿಗೆ ತೆಗೆದು ಅಲ್ಲಿಯೇ ಚಿಕಿತ್ಸೆ ಮಾಡತಕ್ಕದ್ದು.

ಆಯಾ ವ್ಯಾಧಿಗೆ ಆಯಾ ಚಿಕಿತ್ಸೆ

ಬಿಳಿಚುಕ್ಕೆಯ ಚಿಕಿತ್ಸೆಯಲ್ಲಿ ಬಹುಮಂದಿ ಸೋಲುವುದು ಆ ಕ್ರಿಮಿಯ ಜೀವನಕ್ರಮವನ್ನು ಅರಿಯದುದರಿಂದ. ಕ್ರಿಮಿಯು ಚರ್ಮದೊಳಗೆ ಹುದುಗಿರುವಾಗ ಔಷಧಿ ಅದನ್ನು ಮುಟ್ಟಲಾರದು. ಬೆಚ್ಚಗಿನ ನೀರಿನಲ್ಲಿ ಕೆಲವು ದಿನಗಳ ಮೇಲೆ ಅದು ಮೀನಿನಿಂದ ಕಳಚಿ ತಳಕ್ಕೆ ಬಿದ್ದು, ಒಡೆದು, ನೂರಾರು ಮರಿಗಳಾಗಿ ಈಜುತ್ತದೆ. ಒಂದೆರಡು ದಿವಸಗಳಲ್ಲಿ ಮೀನು ಸಿಕ್ಕದಿದ್ದರೆ ಆ ಮರಿಗಳು ಸಾಯುತ್ತವೆ. ಉಪ್ಪಾಗಲಿ ಔಷಧಿಯಾಗಲಿ ಕೊಲ್ಲುವುದು ಈ ಈಜುವ ಮರಿಗಳನ್ನೇ. ಆದುದರಿಂದ ಚುಕ್ಕೆ ಉದುರಿತೆಂದು ಚಿಕಿತ್ಸೆಯನ್ನು ನಿಲ್ಲಿಸಿದರೆ ಶತ್ರುವು ನೂರ್ಮಡಿಯಾಗಿ ಹಿಂದಿರುಗುವನು. ತೊಟ್ಟಿಯ ಎಲ್ಲ ಮೀನುಗಳಿಗೂ ಲೀಟರಿಗೆ 3 ಗ್ರಾಂ ಉಪ್ಪಿನ ನೀರು, ನಿಧಾನವಾಗಿ 30 ಡಿಗ್ರಿಗೆ ಏರಿಸಿದ ಶಾಖ, ಹೆಚ್ಚು ಗಾಳಿ, ದಿನಬಿಟ್ಟು ದಿನ ತಳದ ಕೊಳೆಯನ್ನು ಹೀರಿ ತೆಗೆಯುವುದು, ಇವನ್ನು ಎರಡು ವಾರ ಬಿಡದೆ ನಡೆಸತಕ್ಕದ್ದು. ಮೀನುಗಳನ್ನೆಲ್ಲ ಬೋಗುಣಿಗೆ ತೆಗೆದಿದ್ದರೆ ಬರಿದಾದ ಬೆಚ್ಚಗಿನ ತೊಟ್ಟಿಯು ಒಂದು ವಾರದಲ್ಲಿ ತಾನಾಗಿಯೇ ಶುದ್ಧವಾಗುವುದು. ಚಿನ್ನದ ಧೂಳಿನ ರೋಗಕ್ಕೂ ಉಪ್ಪು, ಶಾಖಗಳೇ ಮೊದಲ ಚಿಕಿತ್ಸೆ. ಜೊತೆಗೆ ತೊಟ್ಟಿಯನ್ನು ಬಟ್ಟೆಯಿಂದ ಮುಚ್ಚಿ ಕತ್ತಲೆ ಮಾಡುವುದು ಸಹಕಾರಿ.

ಬಾಯಿಬೂಸಿಗೆ ಶಾಖವು ಶತ್ರು. ಬಿಳಿಚುಕ್ಕೆಯೆಂದು ಭ್ರಮಿಸಿ ನೀರನ್ನು ಕಾಯಿಸಿದರೆ ರೋಗವು ಹೆಚ್ಚುವುದು. ಇಲ್ಲಿ ತೊಟ್ಟಿಯನ್ನು ತಂಪಾದ ಕಡೆಗೆ ಸರಿಸಿ, ರೋಗಿಗಳನ್ನು ಬೇರ್ಪಡಿಸಿ, ಪೊಟಾಸಿಯಂ ಪರ್ಮಾಂಗನೇಟಿನ ಸ್ನಾನ ಮಾಡಿಸಬಹುದು. ಆ ಹರಳು 1 ಗ್ರಾಮನ್ನು 1 ಲೀಟರು ನೀರಿನಲ್ಲಿ ಕರಗಿಸಿಟ್ಟುಕೊಂಡು, ಬೋಗುಣಿಯ ಪ್ರತಿ ಲೀಟರು ನೀರಿಗೆ ಅದರಲ್ಲಿ 2 ಮಿಲಿಲೀಟರಿನಂತೆ, ಎಂದರೆ 10 ಲೀಟರಿಗೆ 20 ಮಿಲಿಲೀಟರು ಬೆರೆಸಬೇಕು. ನೀರು ನಸುಗೆಂಪಾಗಿರುವ ತನಕ ಔಷಧಿ ಕೆಲಸ ಮಾಡುತ್ತದೆ. ಕಂದಾದರೆ ಅದರ ಶಕ್ತಿ ತೀರಿತು. ನಾಲ್ಕು ಗಂಟೆಗಳಿಗೆ ಮೀರದಂತೆ ಇಟ್ಟು, ಮೀನು ಮಗುಚಿದರೆ ಒಡನೆಯೇ ತಿಳಿನೀರಿಗೆ ಬಿಡತಕ್ಕದ್ದು. ಕ್ಷಾರವು ಹೆಚ್ಚಾಗಿರುವ ಬಾವಿನೀರಿನಲ್ಲಿ ಈ ಔಷಧಿಯು ಕಿವಿರಿನ ಮೇಲೆ ಕಂದು ಗಸಿಯನ್ನು ಕೂರಿಸಬಹುದಾದುದರಿಂದ ಅಂಥ ಕಡೆ ಮಳೆಯ ನೀರನ್ನು ಬೆರೆಸಿಕೊಳ್ಳುವುದು ಕ್ಷೇಮ. ಫಾರ್ಮಲಿನ್ ಜೊತೆಗೆ ಇದನ್ನು ಸೇರಿಸಲೇಕೂಡದು.

ನಿಜವಾದ ಬೂಸಿಗೆ ಬೋಗುಣಿಯಲ್ಲಿ ಉಪ್ಪು ಅಥವಾ ಮೆಥಿಲೀನ್ ನೀಲಿ. ಈ ನೀಲಿಯನ್ನು ದೊಡ್ಡ ತೊಟ್ಟಿಗೆ ಹಾಕಿದರೆ ಉಪಕಾರಿ ಜೀವಿಗಳು ಸಾಯುತ್ತವೆ. ರೆಕ್ಕೆ ಕೊಳೆತಕ್ಕೆ ದಿನವೂ ಸ್ವಲ್ಪ ನೀರು ಬದಲಾವಣೆ ಮತ್ತು ಲೀಟರಿಗೆ 1ರಿಂದ 3 ಗ್ರಾಂ ಉಪ್ಪು. ಅಂಚಿನಲ್ಲಿ ತಿಳಿಯಾದ ಹೊಸ ಪೊರೆ ಕಂಡರೆ ಗುಣವಾಗುತ್ತಿದೆಯೆಂದರ್ಥ. ಹೇನು ಮತ್ತು ಲಂಗರುಹುಳುಗಳನ್ನು ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು ಚಿಮುಟದಿಂದ ತೆಗೆಯಬಹುದು. ಹೇನಿನ ಮೊಟ್ಟೆಗಳು ಗಾಜಿಗೂ ಕಲ್ಲಿಗೂ ಅಂಟಿರುವುದರಿಂದ ತೊಟ್ಟಿಯನ್ನು ಉಜ್ಜಿ ಬಿಸಿಲಿನಲ್ಲಿ ಒಣಗಿಸಬೇಕು. ಕರುಳಿನ ಜಂತುಗಳಿಗೆ ಲೆವಮಿಸೋಲ್ ಔಷಧಿಯುಂಟು. ಕುರಿಗಳಿಗೆ ಕುಡಿಸುವ ಔಷಧಿಯೂ ಅದೇ ಆಗಿರಬಹುದು. ಆದರೆ ಎರಡು ಗ್ರಾಂ ತೂಗದ ಪ್ರಾಣಿಗೆ ಅದರ ಪ್ರಮಾಣವನ್ನು ಪಶುವೈದ್ಯರೇ ಗೊತ್ತುಮಾಡಬೇಕು. ಮನುಷ್ಯರ ಆಂಟಿಬಯಾಟಿಕ್ ಮಾತ್ರೆಗಳನ್ನು ಪುಡಿಮಾಡಿ ನೀರಿಗೆ ಹಾಕುವ ಅಭ್ಯಾಸವು ಹಾನಿಕರ. ಅದರಿಂದ ರೋಗಾಣುಗಳು ಔಷಧಿಗೆ ಬಗ್ಗದಂತೆ ಬಲಿಯುತ್ತವೆ.

ಗುಣವಾಗದ ವ್ಯಾಧಿಗಳು

ಹುರುಪೆ ನಿಮಿರಿದ ಜಲೋದರವೂ ಬೆನ್ನು ಬಾಗಿದ ಕ್ಷಯವೂ ಬಹುಮಟ್ಟಿಗೆ ಗುಣವಾಗುವುದಿಲ್ಲ. ಕ್ಷಯದ ವಿಷಯದಲ್ಲಿ ಮನುಷ್ಯರಿಗೂ ಎಚ್ಚರಿಕೆ ಬೇಕು. ಮೈಕೋಬ್ಯಾಕ್ಟೀರಿಯಂ ಮರೀನಂ ಎಂಬ ರೋಗಾಣುವು ಕೈಯ ಗಾಯದ ಮೂಲಕ ಸೇರಿ, ಕೆಲವು ವಾರಗಳ ಮೇಲೆ ಬೆರಳಿನಲ್ಲಿಯೋ ಮುಂಗೈಯಲ್ಲಿಯೋ ಮಾಯದ ಗಂಟನ್ನೂ ಹುಣ್ಣನ್ನೂ ಎಬ್ಬಿಸುವುದು. ಆದುದರಿಂದ ಗಾಯವಿದ್ದ ಕೈಯನ್ನು ತೊಟ್ಟಿಯೊಳಕ್ಕೆ ಇಡಕೂಡದು. ಕೊಳವೆಯನ್ನು ಬಾಯಿಂದ ಹೀರಕೂಡದು. ಅಂಥ ಹುಣ್ಣೆದ್ದರೆ ವೈದ್ಯರಿಗೆ ಮೀನು ಸಾಕುವ ಸಂಗತಿಯನ್ನು ತಪ್ಪದೆ ತಿಳಿಸಬೇಕು.

ಉಳಿಯದ ಮೀನನ್ನು ನೆಲಕ್ಕೆ ಎಸೆದು ಒದ್ದಾಡಿಸುವುದು ನಿರ್ದಯೆ. ಬೇರೆ ಪಾತ್ರೆಯಲ್ಲಿ ಒಂದು ಲೀಟರು ತೊಟ್ಟಿಯ ನೀರಿಗೆ ಹತ್ತು ಹನಿ ಲವಂಗದ ಎಣ್ಣೆಯನ್ನು ಸೀಸೆಯಲ್ಲಿ ಚೆನ್ನಾಗಿ ಕುಲುಕಿ ಬೆರೆಸಿ ಮೀನನ್ನು ಬಿಟ್ಟರೆ ಅದು ಮೈಮರೆತು ಪ್ರಾಣ ಬಿಡುವುದು. ಕಿವಿರಿನ ಆಟ ನಿಂತ ಮೇಲೆಯೂ ಅರ್ಧ ಗಂಟೆ ಹಾಗೆಯೇ ಇರಿಸಿ, ಆಮೇಲೆ ಆಳವಾಗಿ ಹೂಳಬೇಕು.

ರೋಗವು ಬಾರದಂತೆ

ಕೋಟೆ ಸೂರೆಯಾದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯು ಇಲ್ಲಿ ನೆನಪಿಡತಕ್ಕದ್ದು. ಅಂಗಡಿಯ ಮೀನುಗಳು ದೂರದ ಊರುಗಳಿಂದ ಚೀಲಗಳಲ್ಲಿ ಬಳಲಿ ಬಂದಿರುತ್ತವೆ. ಹೊಸ ಮೀನನ್ನು ಮೂರು ನಾಲ್ಕು ವಾರ ಬೋಗುಣಿಯಲ್ಲಿಯೇ ಇಟ್ಟು ನೋಡದೆ ಹಳೆಯವುಗಳೊಡನೆ ಸೇರಿಸಕೂಡದು. ಅಂಗಡಿಯ ನೀರನ್ನು ತೊಟ್ಟಿಗೆ ಹೊಯ್ಯಲೂ ಕೂಡದು. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು ನೀರನ್ನು ಬದಲಾಯಿಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು.

ಕಡೆಯದಾಗಿ, ರೋಗಿ ಮೀನನ್ನು ಕನಿಕರದಿಂದ ಕೆರೆಗೆ ಬಿಡುವ ಪದ್ಧತಿಯು ಸರ್ವಥಾ ತ್ಯಾಜ್ಯವಾದುದು. ಅಫನೋಮೈಸಿಸ್ ಎಂಬ ಜೀವಿಯಿಂದ ಬರುವ ಹುಣ್ಣುರೋಗವು 1988ರಲ್ಲಿ ಭಾರತದ ಈಶಾನ್ಯ ಭಾಗವನ್ನು ಹೊಕ್ಕು, ಮುಂದಿನ ವರ್ಷಗಳಲ್ಲಿ ದೇಶದ ಬಹುಭಾಗದ ಕೆರೆಕುಂಟೆಗಳ ಮೀನುಗಳನ್ನು ನಾಶಮಾಡಿತು. ಅಲಂಕಾರದ ಮೀನುಗಳಲ್ಲಿ ಕೆಲವು ಇದೇ ರೋಗವನ್ನು ಹೊತ್ತು ತರಬಲ್ಲವು. ಕೆರೆಯ ಮೀನನ್ನು ನಂಬಿ ಬದುಕುವ ಸಂಸಾರಗಳುಂಟು. ಒಂದು ಬೋಗುಣಿಯ ರೋಗವು ಒಂದು ಕೆರೆಯ ರೋಗವಾಗಬಾರದು. ರೋಗಿ ತೊಟ್ಟಿಯ ನೀರನ್ನೂ ಕಾಲುವೆಗೆ ಬಿಡದೆ, ಕೆರೆಗೆ ದೂರವಾದ ಒಣನೆಲದಲ್ಲಿ ಇಂಗಿಸತಕ್ಕದ್ದು.

ಸಾಕುವವರು ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು: ಮೊದಲು ನೀರನ್ನು ನೋಡುವುದು; ಎರಡನೆಯದಾಗಿ ರೋಗಿಯನ್ನು ಬೇರ್ಪಡಿಸುವುದು; ಮೂರನೆಯದಾಗಿ ರೋಗದ ಹೆಸರನ್ನು ನಿಶ್ಚಯಿಸುವುದು; ನಾಲ್ಕನೆಯದಾಗಿ ನೀರನ್ನಳೆದು ಔಷಧಿ ಹಾಕುವುದು; ಐದನೆಯದಾಗಿ ಅವಧಿ ಮುಗಿಯುವ ತನಕ ಬಿಡದಿರುವುದು. ಗುರುತು ಸಿಕ್ಕದ ವ್ಯಾಧಿಯಾದರೆ, ಸಾಯುತ್ತಿರುವ ಒಂದು ಮೀನನ್ನೂ ಒಂದು ಸೀಸೆ ನೀರನ್ನೂ ತೆಗೆದುಕೊಂಡು ಹತ್ತಿರದ ಮೀನುಗಾರಿಕೆ ಇಲಾಖೆಯ ಕಛೇರಿಗೋ ಪಶು ಆಸ್ಪತ್ರೆಗೋ ಹೋಗಿ ವಿಚಾರಿಸಬೇಕು. ಸತ್ತು ಕೊಳೆತ ಮೀನಿನಿಂದ ಏನೂ ತಿಳಿಯದು.